ಯಾವ ಗಿಟಾರ್ ಮಾರಲಿ ಎಂದು ಕೇಳಿದವರು

ಕಳೆದ ತಿಂಗಳು ಚಿಕ್ಕಬಳ್ಳಾಪುರದ ಸಮುದಾಯ ಭವನವೊಂದರಲ್ಲಿ ಅವರಿಗೆ ನುಡಿನಮನ ಸಲ್ಲಿಸಲಾಯಿತು. ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ ಅವರು ಕಪ್ಪು ಗಿಟಾರನ್ನು ಎದೆಗೆ ಒರಗಿಸಿಕೊಂಡು ಬಾಯ್ತುಂಬ ನಗುತ್ತಿದ್ದರು. ಅದು ಯಾವ ಸಂಜೆ ತೆಗೆದ ಫೋಟೊ ಎಂಬುದು ಮುಂದಿನ ಸಾಲಿನಲ್ಲಿ ಕೂತಿದ್ದ ನಾಲ್ವರಿಗಾದರೂ ಗೊತ್ತಿತ್ತು. ಗೊತ್ತಿದ್ದೂ ಅದನ್ನೇ ಹಾಕಿಸಿದ್ದರು. ಯಾಕೆಂದು ವಿಚಾರಿಸಿದರೆ, ಅವರು ಅಷ್ಟು ಚೆನ್ನಾಗಿ ನಕ್ಕ ಬೇರೊಂದು ಫೋಟೊ ಸಿಗಲಿಲ್ಲ ಎಂಬ ಉತ್ತರ ಬಂತು.

ಆರ್ಕೆಸ್ಟ್ರಾ ಮಾಲೀಕರು ಮೈಕ್ ಹಿಡಿದು, ಕಿವಿ ಕೈಕೊಟ್ಟರೂ ಕಲೆಯನ್ನು ಬಿಡದ ಮಹಾಚೇತನ ಎಂದು ಅವರನ್ನು ಬಣ್ಣಿಸಿದರು. ಕೀಬೋರ್ಡ್ ನುಡಿಸುವವನು ಕಣ್ಣೊರೆಸಿಕೊಂಡ. ಆಮೇಲೆ ಒಂದು ನಿಮಿಷ ಮೌನ. ಕಿವಿ ಕೇಳದವರೊಬ್ಬರ ಗೌರವಾರ್ಥ ಸದ್ದಿಲ್ಲದೆ ನಿಲ್ಲುವುದರಲ್ಲಿ ಏನೋ ಅಸಭ್ಯತೆಯಿದೆ ಎಂದು ಆ ಸಭೆಯಲ್ಲಿ ಯಾರಿಗೂ ಅನಿಸಿದಂತೆ ಕಾಣಲಿಲ್ಲ. ಶಿಷ್ಯೆಯೆಂಬ ಕಾರಣಕ್ಕೆ ನನ್ನನ್ನೂ ಎರಡು ಮಾತಾಡಲು ಕರೆದರು. ನಾನು ಏಳಲಿಲ್ಲ. ಅಲ್ಲಿ ಆಡಬೇಕಾಗಿದ್ದ ಮಾತುಗಳು ಎರಡಕ್ಕಿಂತ ಹೆಚ್ಚಿದ್ದವು. ಅವುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬದುಕಿದ್ದಾಗ ಆ ಹೆಸರನ್ನು ಸಾಕಷ್ಟು ಬಾಯಿಗಳು ಆಡಿಕೊಂಡಿವೆ. ನಾನು ಅವರನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದೆ.

ಶಿಡ್ಲಘಟ್ಟದಲ್ಲಿ ಅವರಿಗೊಂದು ಮೋಟಾರು ವೈಂಡಿಂಗ್ ಅಂಗಡಿಯಿತ್ತು. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳು ಅಂಗಡಿಯ ಮುಂದೆ ಸಾಲಾಗಿ ಬಿದ್ದಿರುತ್ತಿದ್ದವು. ಅವುಗಳ ಹೊಟ್ಟೆ ಬಗೆದು, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸದನ್ನು ಸುತ್ತುವುದು ಹಗಲಿನ ಕೆಲಸ. ಲಗ್ನದ ಕಾಲದಲ್ಲಿ ಸಂಜೆಯಾದರೆ ಮೈಗೆ ಹೊಳೆಯುವ ಅಂಗಿ, ತಲೆಗೆ ಹೊಸದಾಗಿ ಬಳಿದ ಕಪ್ಪು. ಆರತಕ್ಷತೆಯ ವೇದಿಕೆಯ ಎಡಮೂಲೆಯಲ್ಲಿ, ಆಳೆತ್ತರದ ಸ್ಪೀಕರ್ ಪೆಟ್ಟಿಗೆಗೆ ಅಂಟಿಕೊಂಡಂತೆ ಅವರು ನಿಲ್ಲುತ್ತಿದ್ದರು. ಇಪ್ಪತ್ತು ವರ್ಷ ಅದೇ ಜಾಗ. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಅವರ ಗಿಟಾರ್ ಕೇಳದೆ ಮದುವೆಯಾದ ದಂಪತಿಗಳು ಕಡಿಮೆ. ಹಾಗೆಂದು ಯಾವ ದಂಪತಿಯೂ ಅವರತ್ತ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ.

ನಾನು ಚಿಕ್ಕಬಳ್ಳಾಪುರದಲ್ಲಿ ಪದವಿ ಓದುತ್ತಿದ್ದಾಗ ಪ್ರತಿ ಭಾನುವಾರ ಬಸ್ಸು ಹತ್ತಿ ಅವರಲ್ಲಿ ಕಲಿಯಲು ಹೋಗುತ್ತಿದ್ದೆ. ನಮ್ಮ ತಂದೆ ತಾಲ್ಲೂಕು ಕಚೇರಿಯ ಗುಮಾಸ್ತರು. ಮಗಳು ವೀಣೆ ಕಲಿಯಲಿ ಎಂಬುದು ಅವರ ಆಸೆ. ಮೇಷ್ಟ್ರು ಆ ವಿಷಯ ಕೇಳಿ, "ವೀಣೇನೂ ತಂತೀನೆ, ಇದೂ ತಂತೀನೆ. ಕರೆಂಟು ಹೋದ್ರೆ ವೀಣೆ ಗೆಲ್ತದೆ ಅಂತ ನಿಮ್ಮಪ್ಪಂಗೆ ಹೇಳು, ಖುಷಿ ಪಡ್ಲಿ" ಎಂದಿದ್ದರು.

ಅವರ ಸಂಗೀತಶಾಸ್ತ್ರವೆಲ್ಲ ಮೋಟಾರಿನ ಭಾಷೆಯಲ್ಲಿತ್ತು. ಹಾಡು ಓಡಿದರೆ "ಲೋಡ್ ಜಾಸ್ತಿ ಆಯ್ತು, ಇಳ್ಸು" ಎನ್ನುವರು. ಬೆರಳು ತಡವರಿಸಿದರೆ "ಸುತ್ತು ತಪ್ತು, ಬಿಚ್ಚಿ ಮೊದ್ಲಿಂದ ಸುತ್ತು." ಚೆನ್ನಾಗಿ ನುಡಿಸಿದರೆ ಹೊಗಳುತ್ತಿರಲಿಲ್ಲ, ವಾರ್ನಿಷ್ ಅಂಟಿದ ಕೈಯಿಂದಲೇ ಒಂದು ಪೆಪ್ಪರ್‌ಮಿಂಟ್ ಕೊಡುತ್ತಿದ್ದರು. ಅದು ಬಾಯಲ್ಲಿ ಅರ್ಧ ಕರಗುವ ತನಕ ವಾರ್ನಿಷ್ ರುಚಿಯೇ ಇರುತ್ತಿತ್ತು.

ಅವರು ಸಂತರಾಗಿರಲಿಲ್ಲ. ಸಂತರೆಂಬುದು ನುಡಿನಮನದಲ್ಲಿ ಹೇಳಿದ ಅನೇಕ ಸುಳ್ಳುಗಳಲ್ಲಿ ಒಂದು. ಶ್ರುತಿ ಹಿಡಿಯಲು ತಡಮಾಡುವ ಶಿಷ್ಯರನ್ನು ಅವರು ಎಲ್ಲರೆದುರು ಹರಿದುಹಾಕುತ್ತಿದ್ದರು. ನನಗಿಂತ ಮೊದಲು ಅವರಲ್ಲಿ ಕಲಿಯುತ್ತಿದ್ದ ಒಬ್ಬನಿಗೆ, "ನಿಂಗೆ ಕಿವೀನೇ ಇಲ್ಲ ಕಣೋ. ಕನ್ನಡಕ ಸಿಗಾಕ್ಕೊಳ್ಳಕ್ಕೆ ಅಂತ ದೇವ್ರು ಎರಡು ಕೊಕ್ಕೆ ಕೊಟ್ಟವ್ನೆ, ಅಷ್ಟೆ" ಎಂದು ಬೀದಿಗೆಲ್ಲ ಕೇಳುವಂತೆ ಅಂದಿದ್ದರಂತೆ. ಅವನು ಗಿಟಾರ್ ಬಿಟ್ಟು ಕೀಬೋರ್ಡ್ ಕಲಿತ. ಮುಂದೆ ಅದೇ ಆರ್ಕೆಸ್ಟ್ರಾ ಸೇರಿ, ವೇದಿಕೆಯ ಮೇಲೆ ಮೇಷ್ಟ್ರ ಎದುರಿಗೇ ನಿಂತ. ಆ ಕೊಕ್ಕೆಯ ಮಾತನ್ನು ಅವನು ಮರೆತಿರಲಿಲ್ಲ. ಮೇಷ್ಟ್ರು ಮರೆತಿದ್ದರು.

ಅವರ ಬಳಿ ಮೂರು ಎಲೆಕ್ಟ್ರಿಕ್ ಗಿಟಾರುಗಳಿದ್ದವು. ಮುಂದಿನದೆಲ್ಲ ನಡೆದದ್ದು ಈ ಮೂರರ ನಡುವೆ; ಆದ್ದರಿಂದ ಅವುಗಳ ವಿವರ ಅಗತ್ಯ.

ಕಪ್ಪು ಗಿಟಾರ್ ವಿದೇಶಿ. ಕಸುಬು ಬಿಟ್ಟ ಬೆಂಗಳೂರಿನ ವಾದಕರೊಬ್ಬರಿಂದ ಕೊಂಡದ್ದು. ಕನ್ನಡಿಯಂತೆ ಹೊಳೆಯುತ್ತಿತ್ತು, ಮದುವೆಯ ವೀಡಿಯೊದಲ್ಲಿ ಎದ್ದು ಕಾಣುತ್ತಿತ್ತು. ವೇದಿಕೆಗೆ ಅದೇ ಬೇಕು ಎಂಬುದು ಮಾಲೀಕರ ಕಟ್ಟಪ್ಪಣೆ. ಕೆಂಪು ಗಿಟಾರನ್ನು ಆರ್ಕೆಸ್ಟ್ರಾದ ವಾರ್ಷಿಕೋತ್ಸವವೊಂದರಲ್ಲಿ ಮಾಲೀಕರೇ ಶಾಲು ಹೊದಿಸಿ ಕೊಟ್ಟಿದ್ದರು. ಅದರ ಕತ್ತು ಆರು ತಿಂಗಳಲ್ಲಿ ಬಾಗಿತು. ಮೈಮೇಲೆ ಆರ್ಕೆಸ್ಟ್ರಾದ ಹೆಸರನ್ನೂ ಮಾಲೀಕರ ಫೋನ್ ನಂಬರನ್ನೂ ದಪ್ಪ ಬಿಳಿ ಅಕ್ಷರಗಳಲ್ಲಿ ಬರೆಸಲಾಗಿತ್ತು. ಸನ್ಮಾನವೆಂದರೆ ನಮ್ಮಲ್ಲಿ ಹೀಗೆ: ಕೊಟ್ಟವರ ಜಾಹೀರಾತನ್ನು ಪಡೆದವರು ಜೀವನಪೂರ್ತಿ ಹೊರಬೇಕು.

ಮೂರನೆಯದು ಹಲಸಿನದು. ರೇಷ್ಮೆ ನೂಲು ಬಿಚ್ಚುವ ಚರಕಗಳನ್ನು ಮಾಡುತ್ತಿದ್ದ ಊರಿನ ಬಡಗಿಯೊಬ್ಬರನ್ನು ಕಾಡಿ, ಹಲಸಿನ ಹಲಗೆಯಿಂದ ಅದರ ಮೈ ಕೊರೆಸಿದ್ದರು. ತಂತಿಯ ಅದುರನ್ನು ಹಿಡಿದು ಕರೆಂಟಾಗಿ ಸ್ಪೀಕರಿಗೆ ಕಳಿಸುವ ಪಿಕಪ್ ಎಂಬ ಸುರುಳಿಯಿರುತ್ತದಲ್ಲ, ಅದನ್ನು ಕೂದಲಿಗಿಂತ ಸಣ್ಣ ತಾಮ್ರದ ತಂತಿಯಿಂದ ತಾವೇ ಸುತ್ತಿದ್ದರು. ಬಣ್ಣವಿಲ್ಲ, ಹೊಳಪಿಲ್ಲ. ಒಮ್ಮೆ ಅದನ್ನು ಮದುವೆಗೆ ಕೊಂಡೊಯ್ದಾಗ ಮಾಲೀಕರು, "ಏನಯ್ಯಾ ಇದು, ಯಾರ ಮನೆ ಬಾಗ್ಲು ಕಿತ್ಕೊಂಡ್ ಬಂದೆ?" ಎಂದರು. ಹುಡುಗಿಯ ಕಡೆಯವರು ನಕ್ಕರು. ಹಲಸಿನದು ಮತ್ತೆ ಮನೆ ಬಿಡಲಿಲ್ಲ.

ಅವರ ಕಿವಿ ಹೋಗಿದೆಯೆಂಬುದು ನನಗೆ ತಿಳಿದದ್ದು ಈ ಹಲಸಿನ ಗಿಟಾರಿನಿಂದ. ಅದನ್ನು ನುಡಿಸುವಾಗ ಅವರು ಮೈಯನ್ನು ಮುದುಡಿ, ಗಿಟಾರಿನ ಕೊಂಬಿನಂಥ ಮೇಲ್ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು. ಮೊದಮೊದಲು ಅದೊಂದು ಅಭ್ಯಾಸ ಎಂದುಕೊಂಡಿದ್ದೆ. ಒಂದು ಭಾನುವಾರ ಅವರ ಬೆನ್ನ ಹಿಂದೆ ನಿಂತು ಮೂರು ಸಲ ಕರೆದೆ. ತಿರುಗಲಿಲ್ಲ. ಎದುರಿಗೆ ಬಂದು ನಿಂತಾಗ ನನ್ನ ಮುಖ ನೋಡಿ ಅವರಿಗೆ ಅರ್ಥವಾಯಿತು.

"ಎಡಗಡೇದು ಪೂರ್ತಿ ಹೋಗೈತೆ. ಬಲಗಡೇದು ಹೋಗ್ತಾ ಐತೆ" ಎಂದರು.

"ಹಲಸಿಂದು ಕೇಳ್ಸುತ್ತಾ?"

"ಕೇಳ್ಸಲ್ಲ ಕಣಮ್ಮ. ಹಲ್ಲಿಗೆ ಗೊತ್ತಾಗ್ತದೆ. ಕರಿದು ಬಣ್ಣ ತಿಂದು ದಪ್ಪ ಆಗೈತೆ, ಕಚ್ಚಿದ್ರೆ ಏನೂ ಹೇಳಲ್ಲ."

"ಹಂಗಾದ್ರೆ ಸ್ಟೇಜ್ ಮೇಲೆ ಹೆಂಗೆ ನುಡಿಸ್ತೀರ ಮೇಷ್ಟ್ರೇ?"

ಅವರು ನಕ್ಕರು. ತಮ್ಮ ಯುಕ್ತಿಯ ಬಗ್ಗೆ ಅವರಿಗೆ ಹೆಮ್ಮೆಯಿತ್ತು. ಎದುರಿಗಿರುವ ಕೀಬೋರ್ಡಿನವನ ಬೆರಳುಗಳನ್ನು ನೋಡುತ್ತಿರುತ್ತಾರಂತೆ. ಅವನು ಯಾವ ಬಿಳಿ-ಕಪ್ಪು ಮನೆಗಳನ್ನು ಒತ್ತಿದ ಎಂಬುದರಿಂದ ಶ್ರುತಿ ತಿಳಿಯುತ್ತದೆ. ತಾಳಕ್ಕೆ ಪಾದದಡಿಯ ಹಲಗೆಯ ನಡುಕ ಸಾಕು, ಮಾತಿಗೆ ಎದುರಿನವರ ತುಟಿ. ಎರಡು ವರ್ಷಗಳಿಂದ ಹೀಗೆ ನಡೆಸಿದ್ದರು. ಯಾರಿಗೂ ಅನುಮಾನ ಬಂದಿರಲಿಲ್ಲ. ಈ ಸಂಗತಿ ಅವರ ಮನೆಯಾಕೆಗೆ ಬಿಟ್ಟರೆ ನನಗೆ ಮಾತ್ರ ಗೊತ್ತಿತ್ತು.

ಆ ವರ್ಷದ ಆಷಾಢ ಬಂತು. ಆಷಾಢದಲ್ಲಿ ಮದುವೆಗಳಿಲ್ಲ, ಮದುವೆಯಿಲ್ಲದಿದ್ದರೆ ಆರ್ಕೆಸ್ಟ್ರಾ ಇಲ್ಲ. ಅಂಗಡಿಗೂ ಮೋಟಾರುಗಳು ಬರುವುದು ಕಡಿಮೆಯಾಗಿತ್ತು. ಅದೇ ಹೊತ್ತಿಗೆ ಬಲಗಿವಿಯೂ ಬೇಗಬೇಗ ಮಂದವಾಗತೊಡಗಿತು. ಶ್ರಾವಣದಲ್ಲಿ ಲಗ್ನಗಳು ಶುರುವಾಗುವ ಮೊದಲು ಎರಡು ಕಿವಿಗೂ ಮೆಷಿನ್ ಹಾಕಿಸಿಕೊಂಡು, ಉದ್ದ ಕೂದಲಲ್ಲಿ ಅದನ್ನು ಮುಚ್ಚಿ ವೇದಿಕೆ ಹತ್ತಬೇಕೆಂಬುದು ಅವರ ಲೆಕ್ಕಾಚಾರ. ಅದಕ್ಕೆ ದುಡ್ಡು ಹುಟ್ಟಬೇಕಾದರೆ ಒಂದು ಗಿಟಾರ್ ಹೋಗಲೇಬೇಕಿತ್ತು.

ಮೂರನ್ನೂ ಮಂಚದ ಮೇಲೆ ಮಲಗಿಸಿ ನನ್ನನ್ನು ಕರೆಸಿದರು.

"ಯಾವ್ದು ಮಾರ್ಲಿ ಹೇಳಮ್ಮ. ನಿಂಗೆ ಕಿವಿ ಐತೆ."

ನಾನು ಒಂದೊಂದನ್ನೇ ನುಡಿಸಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ನನ್ನ ಹುಬ್ಬಿನಲ್ಲಿ ನಾದ ಓದುವಂತೆ. ರೇಷ್ಮೆಗೂಡು ಆರಿಸುವ ಕೆಲಸ ಮುಗಿಸಿ ಬಂದಿದ್ದ ಅವರ ಮನೆಯಾಕೆ ಬಾಗಿಲಲ್ಲೇ ನಿಂತು, "ಮೂರೂ ಮಾರ್ಬಿಡಿ. ಕಿವಿ ಬಂದ್ಮೇಲೆ ಇಷ್ಟ್ ದಿನ ಬೈದಿದ್ದೆಲ್ಲ ಇನ್ನೊಂದ್ ಸಲ ಬೈತೀನಿ, ಕೇಳ್ಕೊಂಡು ಕೂತಿರಿ" ಎಂದರು.

ಮೇಷ್ಟ್ರು ಆಕೆಯ ತುಟಿಯನ್ನೂ ಓದಿದ್ದರು. "ಅದಕ್ಕೇ ಕಣಮ್ಮ ಮೆಷಿನ್ ತಗೊಳ್ಳಕ್ಕೆ ಭಯ" ಎಂದು ನನಗೆ ಹೇಳಿ, ಮತ್ತೆ ಗಿಟಾರುಗಳ ಕಡೆ ತಿರುಗಿದರು. "ನೋಡು, ಕೆಂಪುದು ಯಾರೂ ಮುಟ್ಟಲ್ಲ, ಹೊಟ್ಟೆ ಮೇಲೆ ಸಾವ್ಕಾರ್ರ ನಂಬ್ರು ಐತೆ. ಹಲಸಿಂದು ಮಾರಿದ್ರೆ ಸೌದೆ ರೇಟು. ಕರಿದು ಮಾರಿದ್ರೆ ಮೆಷಿನ್ ಬರ್ತೈತೆ, ಸ್ಟೇಜ್ ಹೋಯ್ತೈತೆ. ಸ್ಟೇಜ್ ಹೋದ್ಮೇಲೆ ಮೆಷಿನ್ ಇಕ್ಕೊಂಡು ಏನ್ ಕೇಳ್ಲಿ? ಮೋಟ್ರು ಗುಂಯ್ ಅನ್ನೋದಾ?"

"ಯಾವ್ದನ್ನೂ ಮಾರ್ಬೇಡಿ ಮೇಷ್ಟ್ರೇ. ಯಾರ ಸ್ಪೀಕರ್ ಪಕ್ಕ ನಿಂತು ನಿಮ್ ಕಿವಿ ಹೋಗಿದ್ದು? ಅವ್ರೇ ಕೊಡಿಸ್ಬೇಕು. ಇದು ದಾನ ಅಲ್ಲ, ಅವ್ರ ಜವಾಬ್ದಾರಿ."

ಭಯವಾದಾಗ ಮೇಷ್ಟ್ರ ಬಾಯಲ್ಲಿ ತೆಲುಗು ಬರುತ್ತಿತ್ತು. "ವದ್ದಮ್ಮಾ, ವದ್ದು. ಬೇಡ. ಅವ್ರಿಗೆ ಗೊತ್ತಾದ್ರೆ ಮೆಷಿನ್ ಕೊಡ್ಸಲ್ಲ, ಬೇರೆಯವ್ನ ಕರ್ಕೊಂಡ್ ಬರ್ತಾರೆ. ಯಾರ್ಗೂ ಹೇಳಲ್ಲ ಅನ್ನು."

"ಹೇಳಲ್ಲ" ಎಂದೆ.

ಮುಂದಿನ ವಾರವೇ ಕಪ್ಪು ಗಿಟಾರಿಗೆ ಗಿರಾಕಿ ಬಂದ. ಗೌರಿಬಿದನೂರಿನ ಬಳಿ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಯುವಕ. ಗೆಳೆಯರೊಡನೆ ಬ್ಯಾಂಡ್ ಕಟ್ಟಿಕೊಂಡಿದ್ದವನು. ಗಿಟಾರನ್ನು ಮಗುವನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡ. ಚೌಕಾಸಿಯನ್ನೂ ಮಾಡದೆ ಒಳ್ಳೆಯ ಬೆಲೆ ಹೇಳಿದ. ಎರಡು ಕಿವಿಗೂ ಸಾಲುವಂಥ ಬೆಲೆ. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ತುಟಿಯನ್ನು ಅಗಲವಾಗಿ ಆಡಿಸಿ, "ಶ್ರಾವಣದ ತನಕ ತಡೀರಿ. ನಾನೊಂದು ದಾರಿ ನೋಡ್ತೀನಿ" ಎಂದೆ. ಯಾವ ದಾರಿಯೆಂದು ಅವರು ಕೇಳಲಿಲ್ಲ. ಓದಿದ ಹುಡುಗಿಯ ಮೇಲೆ ಅವರಿಗೆ ಅಷ್ಟು ನಂಬಿಕೆಯಿತ್ತು.

"ಸಾರ್, ಅಲ್ಲಿಂದ ಗಾಡಿ ಓಡ್ಸ್ಕೊಂಡ್ ಬಂದಿದೀನಿ" ಎಂದ ಯುವಕ.

"ಟೀ ಕುಡ್ಕೊಂಡ್ ಹೋಗಪ್ಪ. ನಮ್ಮ ಹುಡ್ಗಿ ಬೇಡ ಅಂತೈತೆ" ಎಂದು ಮೇಷ್ಟ್ರು ನನ್ನತ್ತ ಬೆರಳು ತೋರಿಸಿದರು.

ಎರಡು ದಿನ ಬಿಟ್ಟು ನಾನು ಚಿಕ್ಕಬಳ್ಳಾಪುರದಲ್ಲಿದ್ದ ಆರ್ಕೆಸ್ಟ್ರಾ ಮಾಲೀಕರ ಕಚೇರಿಗೆ ಹೋದೆ. ದುಡಿಮೆಯಲ್ಲಿ ಅಂಗ ಕಳೆದುಕೊಂಡವರ ಹಕ್ಕುಗಳ ಬಗ್ಗೆ ಅದೇ ಸೆಮಿಸ್ಟರಿನಲ್ಲಿ ಓದಿ ಮುಗಿಸಿದ್ದೆ, ಪಾಠವಿನ್ನೂ ಬಿಸಿಯಾಗಿತ್ತು. ಮಡಚಿಟ್ಟ ಶಾಮಿಯಾನದ ರಾಶಿಗಳ ನಡುವೆ ಮಾಲೀಕರು ಕೂತಿದ್ದರು. ಮೂಲೆಯಲ್ಲಿ ಕೀಬೋರ್ಡಿನವನು ವೈರುಗಳನ್ನು ಸುತ್ತುತ್ತಿದ್ದ. ಮಾಲೀಕರು ಕುರ್ಚಿ ಎಳೆದು ಕೊಟ್ಟು, "ಕುತ್ಕೊಳಮ್ಮ, ನಿಂಬೆ ಸೋಡಾ ತರಿಸ್ಲಾ?" ಎಂದರು. ಅವರ ಮರ್ಯಾದೆಯಲ್ಲಿ ಕೊರತೆಯಿರಲಿಲ್ಲ ಎಂಬುದನ್ನು ನಾನು ದಾಖಲಿಸಬೇಕು.

ನಾನು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಇಪ್ಪತ್ತು ವರ್ಷ ಒಬ್ಬ ಮನುಷ್ಯನನ್ನು ಅದೇ ಪೆಟ್ಟಿಗೆಯ ಪಕ್ಕ ನಿಲ್ಲಿಸಿದ್ದರ ಫಲಕ್ಕೆ ಹೊಣೆ ಯಾರು ಎಂದು ಕೇಳಿದೆ.

"ಯಾವ ಕಿವಿ ಅಂದ್ರಿ?"

"ಎರಡೂ. ಎಡಗಿವಿ ಪೂರ್ತಿ."

"ಅಯ್ಯೋ ಪಾಪ. ನಮ್ಗೆ ಗೊತ್ತೇ ಆಗ್ಲಿಲ್ವಲ್ಲಮ್ಮ! ಮತ್ತೆ ಇಷ್ಟ್ ಕರೆಕ್ಟಾಗಿ ಹೆಂಗೆ ನುಡಿಸ್ತಾನೆ?"

ಮೇಷ್ಟ್ರ ಕಷ್ಟದ ಆಳ ಮಾಲೀಕರಿಗೆ ತಟ್ಟಲಿ ಎಂಬ ಉದ್ದೇಶದಿಂದ ನಾನು ಅದನ್ನೂ ಹೇಳಿದೆ. "ಇವ್ರ ಬೆರಳು ನೋಡ್ಕೊಂಡು ನುಡಿಸ್ತಾರೆ" ಎಂದು ಕೀಬೋರ್ಡಿನವನನ್ನು ತೋರಿಸಿದೆ. ವೈರು ಸುತ್ತುತ್ತಿದ್ದ ಅವನ ಕೈ ನಿಂತಿತು. ಮಾಲೀಕರು ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ, "ಯೋಚ್ನೆ ಮಾಡ್ತೀನಮ್ಮ. ನಮ್ಮ ಮನುಷ್ಯ ಅಲ್ವಾ" ಎಂದರು. ನಾನು ಗೆದ್ದವಳಂತೆ ಮೆಟ್ಟಿಲಿಳಿದು ಬಂದೆ. ಮೇಷ್ಟ್ರಿಗೆ ಏನನ್ನೂ ಹೇಳಲಿಲ್ಲ. ದುಡ್ಡು ಬಂದ ಮೇಲೆ ಹೇಳೋಣವೆಂದುಕೊಂಡೆ.

ಶ್ರಾವಣದ ಮೊದಲ ಆರತಕ್ಷತೆ ಚಿಂತಾಮಣಿಯಲ್ಲಿ. ಮದುವಣಗಿತ್ತಿ ನನ್ನ ಸಹಪಾಠಿ. ಹಾಗಾಗಿ ನಾನೂ ಅಲ್ಲಿದ್ದೆ. ಮೇಷ್ಟ್ರು ಹೊಸ ತಂತಿ ಹಾಕಿದ ಕಪ್ಪು ಗಿಟಾರ್ ಹಿಡಿದು ಎಡಮೂಲೆಯಲ್ಲಿ ನಿಂತಿದ್ದರು. ನನ್ನನ್ನು ಕಂಡು ಹುಬ್ಬು ಹಾರಿಸಿದರು.

ಅವರಿಗೆ ಮಾಡಿದ್ದೇನು ಎಂಬುದನ್ನು ಬಿಡಿಸಿ ಹೇಳಬೇಕು. ಕೀಬೋರ್ಡಿನಲ್ಲಿ ಒಂದು ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ವಾದ್ಯದ ಶ್ರುತಿಯೆಲ್ಲ ಅರ್ಧ ಸ್ವರ ಮೇಲೇರುತ್ತದೆ. ನುಡಿಸುವವನು ಮಾತ್ರ ಮೊದಲಿನ ಮನೆಗಳನ್ನೇ ಒತ್ತುತ್ತಾ ಹೋಗಬಹುದು. ಕೇಳುವವರಿಗೆ ಶ್ರುತಿ ಬದಲಾಗಿರುತ್ತದೆ, ನೋಡುವವರಿಗೆ ಬೆರಳು ಬದಲಾಗಿರುವುದಿಲ್ಲ. ಕಿವಿಯಿರುವ ಯಾವ ಗಿಟಾರ್ ವಾದಕನೂ ಕ್ಷಣದಲ್ಲಿ ಅದನ್ನು ಹಿಡಿದು, ತನ್ನ ಬೆರಳನ್ನು ಗಿಟಾರಿನ ಕತ್ತಿನಲ್ಲಿ ಒಂದು ಮೆಟ್ಟು ಮೇಲೆ ಜರುಗಿಸುತ್ತಾನೆ. ಕಣ್ಣನ್ನು ನಂಬಿ ನುಡಿಸುವವನು ಅಲ್ಲೇ ಉಳಿಯುತ್ತಾನೆ.

ಹಳೆಯ ಯುಗಳಗೀತೆಯೊಂದರ ನಡುವೆ ಕೀಬೋರ್ಡಿನವನ ಎಡಗೈ ಗುಂಡಿಯ ಕಡೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಗಾಯಕರಿಬ್ಬರಿಗೂ ಮೊದಲೇ ಗೊತ್ತಿತ್ತು. ತಡವರಿಸದೆ ಹೊಸ ಶ್ರುತಿಗೆ ಏರಿದರು. ಮೇಷ್ಟ್ರು ಹಳೆಯ ಶ್ರುತಿಯಲ್ಲೇ ಉಳಿದರು. ಹಾಡು ಒಡೆದ ಗಾಜಿನಂತಾಯಿತು. ಊಟದ ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಒಬ್ಬ ಮುದುಕ ಕಿವಿ ಮುಚ್ಚಿಕೊಂಡ. ಗಾಯಕಿ ನಗು ತಡೆಯಲಾರದೆ ಮೈಕನ್ನು ಬಾಯಿಂದ ದೂರ ಹಿಡಿದಳು. ಅದನ್ನು ಕಂಡು ಮುಂದಿನ ಸಾಲಿನ ಯುವಕರು ನಕ್ಕರು, ಶಿಳ್ಳೆ ಹಾಕಿದರು, ಫೋನುಗಳನ್ನು ಎತ್ತಿದರು.

ಮೇಷ್ಟ್ರು ಆ ನಗುವನ್ನು ನೋಡಿದರು. ಜನ ಖುಷಿಯಾಗಿದ್ದಾರೆ ಎಂದುಕೊಂಡರು. ಅವರೂ ಬಾಯ್ತುಂಬ ನಕ್ಕು, ಎರಡು ಹೆಜ್ಜೆ ಮುಂದೆ ಬಂದು, ಗಿಟಾರಿನ ಭಾಗವನ್ನು ಇನ್ನೊಂದು ಸಲ, ಇನ್ನೂ ವಿಸ್ತಾರವಾಗಿ ನುಡಿಸಿದರು. ಮದುವೆಯ ಫೋಟೊಗ್ರಾಫರ್ ಆಗ ಕ್ಲಿಕ್ಕಿಸಿದ್ದೇ ಆ ಫ್ಲೆಕ್ಸಿನ ಫೋಟೊ.

ಮಾಲೀಕರು ವೇದಿಕೆಯ ಪಕ್ಕ ಕೈಕಟ್ಟಿ ನಿಂತಿದ್ದರು. ಹಾಡು ಮುಗಿಯುವ ತನಕ ತಡೆಯಲಿಲ್ಲ. ನಾನು ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ವೇದಿಕೆಗೆ ಇಪ್ಪತ್ತು ಹೆಜ್ಜೆ ದೂರವಿತ್ತು. ಓಡಿಹೋಗಿ ಗಿಟಾರಿನ ವೈರು ಕಿತ್ತಿದ್ದರೂ ಸಾಕಿತ್ತು. ನಾನೂ ಹಾಡು ಮುಗಿಯುವ ತನಕ ನಿಂತೇ ಇದ್ದೆ.

ಆಮೇಲೆ ಕೀಬೋರ್ಡಿನವನನ್ನು ಪಾರ್ಕಿಂಗಿನಲ್ಲಿ ಹಿಡಿದು ನಿಲ್ಲಿಸಿ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

"ಚೆಕ್ ಮಾಡಿ ನೋಡು ಅಂದ್ರು ಸಾವ್ಕಾರ್ರು. ನೋಡ್ದೆ" ಎಂದ. "ನೀವೇ ತಾನೆ ಮೇಡಂ ಹೇಳಿದ್ದು, ಬೆರಳು ನೋಡ್ತಾರೆ ಅಂತ. ನಂಗಂತೂ ಹೊಳೀತಾನೇ ಇರ್ಲಿಲ್ಲ. ನಂಗ್ ಕಿವೀನೇ ಇಲ್ಲ ಅಂದಿದ್ರಲ್ಲ ಅವ್ರು."

ಮರುದಿನ ಮೇಷ್ಟ್ರ ಫೋನಿಗೆ ಮಾಲೀಕರ ಸಂದೇಶ ಬಂತು: ಸ್ವಲ್ಪ ದಿನ ರೆಸ್ಟ್ ತಗೊಳ್ಳಿ. ಕೆಳಗೆ ಕೈಮುಗಿದ ಚಿತ್ರ. ಮುಂದಿನ ಲಗ್ನಕ್ಕೆ ಬೆಂಗಳೂರಿನಿಂದ ಬೇರೊಬ್ಬ ವಾದಕ ಬಂದ. ಅವನ ಬಳಿ ಒಳ್ಳೆಯ ಗಿಟಾರ್ ಇರಲಿಲ್ಲವಾದ್ದರಿಂದ ಮಾಲೀಕರು ಮೇಷ್ಟ್ರ ಕಪ್ಪು ಗಿಟಾರಿಗೆ ಹೇಳಿಕಳುಹಿಸಿದರು. ಕುಡುಮಲಕುಂಟೆಯ ಯುವಕ ಅಷ್ಟರಲ್ಲಿ ಬೇರೆ ಗಿಟಾರ್ ಕೊಂಡಾಗಿತ್ತು. ಮಾಲೀಕರು ಹೇಳಿದ್ದೇ ಬೆಲೆಯಾಯಿತು. ಎರಡು ಕಿವಿಗೆ ಬರಬೇಕಿದ್ದದ್ದು ಒಂದಕ್ಕೆ ಬಂತು.

"ಸಲೀಸಾಯ್ತು ಬಿಡಮ್ಮ. ಯಾವ್ದು ಮಾರ್ಲಿ ಅಂತ ತಲೆ ಕೆಡಿಸ್ಕೊಳ್ಳೋದು ತಪ್ತು" ಎಂದರು ಮೇಷ್ಟ್ರು. ಆ ಮಾತಿನಲ್ಲಿ ವ್ಯಂಗ್ಯವಿತ್ತೇ ಎಂದು ನಾನು ವರ್ಷಗಳ ಕಾಲ ಹುಡುಕಿದ್ದೇನೆ. ಇರಲಿಲ್ಲ. ವ್ಯಂಗ್ಯವಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗ ನನ್ನ ಪ್ರಶ್ನೆಗಳು. ಮಾಲೀಕರೇ, ಒಬ್ಬ ಕೆಲಸಗಾರನಿಗೆ ಕಿವಿ ಕೇಳುವುದಿಲ್ಲವೆಂಬ ದೂರು ಬಂದರೆ ಕಿವಿಯ ವೈದ್ಯರಲ್ಲಿಗೆ ಕಳಿಸುವ ಬದಲು ಐನೂರು ಜನರೆದುರು ಪರೀಕ್ಷೆ ಮಾಡಿಸುವುದು ಯಾವ ಯೋಚನೆ? ಹಾಡುಗಾರರೇ, ಒಂದೇ ಪಂಕ್ತಿಯಲ್ಲಿ ಅವರ ಜೊತೆ ಕೂತು ಉಂಡವರು ನೀವು. ಒಂದು ಸನ್ನೆ ಮಾಡಲು ನಿಮ್ಮ ಕೈಗೆ ಏನಾಗಿತ್ತು? ಕೀಬೋರ್ಡಿನ ಅಣ್ಣ, ಆ ಕೊಕ್ಕೆಯ ಮಾತು ಕ್ರೂರವಾಗಿತ್ತು, ಒಪ್ಪುತ್ತೇನೆ. ಅದನ್ನು ಅವರ ಮುಖಕ್ಕೆ ಹೇಳಿ ಜಗಳವಾಡಬಹುದಿತ್ತು; ಅವರು ನಿಮ್ಮ ತುಟಿ ಓದುತ್ತಿದ್ದರು. ಇವೆಲ್ಲಕ್ಕಿಂತ ತುರ್ತಿನ ಪ್ರಶ್ನೆ ಒಂದಿದೆ. ಬೆಂಗಳೂರಿನಿಂದ ಬಂದ ಆ ವಾದಕ ಇಂದಿಗೂ ಅದೇ ಎಡಮೂಲೆಯಲ್ಲಿ, ಅದೇ ಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲುತ್ತಾನೆ. ಅವನ ಕಿವಿಯನ್ನು ಯಾರಾದರೂ ಪರೀಕ್ಷೆ ಮಾಡಿಸಿದ್ದೀರಾ? ಅವನ ಫ್ಲೆಕ್ಸಿಗೂ ಫೋಟೊ ತೆಗೆದಿಟ್ಟುಕೊಂಡಿದ್ದೀರಾ?

ಇವನ್ನು ಕೇಳುವ ಹಕ್ಕು ನನಗಿದೆಯೇ ಎಂದು ನೀವು ತಿರುಗಿ ಕೇಳಬಹುದು. ನನ್ನ ಪಾಲಿನದನ್ನೂ ಬರೆಯುತ್ತೇನೆ.

ಮೇಷ್ಟ್ರು ಮೆಷಿನ್ ಹಾಕಿಸಿಕೊಂಡ ನಂತರದ ಭಾನುವಾರ ನಾನು ಶಿಡ್ಲಘಟ್ಟಕ್ಕೆ ಹೋದೆ. ಅವರಲ್ಲಿಗೆ ನಾನು ಹೋದ ಕೊನೆಯ ಭಾನುವಾರ ಅದು. ಬಲಗಿವಿಯ ಹಿಂದೆ ಕಡಲೆಬೀಜದಷ್ಟು ದೊಡ್ಡ ಯಂತ್ರ. ಮನೆಯಾಕೆ ಒಳಗೆ ಲೋಟ ಇಟ್ಟ ಸದ್ದಿಗೂ ಮೇಷ್ಟ್ರು ಬೆಚ್ಚುತ್ತಿದ್ದರು. ಹೊರಗೆ ಹೋಗುತ್ತಿದ್ದ ಆಟೋದ ಹಾರನ್ನಿಗೆ ನಕ್ಕರು. ಆಮೇಲೆ ಕೈ ಚಾಚಿ, "ಚಿಂತಾಮಣೀದು ವೀಡಿಯೋ ಎಲ್ಲಾರ್ ಫೋನ್ನಾಗೂ ಐತಂತಲ್ಲ. ನಿನ್ ಹತ್ರ ಐತಾ?" ಎಂದರು.

"ಬೇಡ ಮೇಷ್ಟ್ರೇ."

"ಬ್ಯಾಡ ಕಣ್ರೀ" ಎಂದರು ಮನೆಯಾಕೆಯೂ, ಒಳಗಿನಿಂದ.

"ನಾನು ನು‌ಡ್ಸಿದ್ದನ್ನ ನಾನು ಕೇಳಿ ಎರಡು ವರ್ಷ ಆಯ್ತು. ಕೊಡಮ್ಮ."

ಕೊಟ್ಟೆ. ಅವರು ಫೋನನ್ನು ಬಲಗಿವಿಯ ಹತ್ತಿರ ಹಿಡಿದರು; ಯಂತ್ರ ಕೀಚೆಂದಿತು; ಸ್ವಲ್ಪ ದೂರ ಸರಿಸಿದರು. ಯುಗಳಗೀತೆ ಶುರುವಾಯಿತು. ಮೊದಲ ಚರಣದಲ್ಲಿ ಅವರ ತಲೆ ತೂಗುತ್ತಿತ್ತು. ಶ್ರುತಿ ಬದಲಾದ ಜಾಗದಲ್ಲಿ ತಲೆ ನಿಂತಿತು. ಎಡಗೈ ಬೆರಳುಗಳು ಗಾಳಿಯಲ್ಲೇ ಒಂದು ಮೆಟ್ಟು ಮೇಲೆ ಜರುಗಿದವು, ಇನ್ನೂ ಸರಿಪಡಿಸಲು ಸಮಯವಿದೆ ಎಂಬಂತೆ. ಶಿಳ್ಳೆಗಳನ್ನೂ ನಗುವನ್ನೂ ಪೂರ್ತಿ ಕೇಳಿದರು. ತಾವು ಮುಂದೆ ಬಂದು ಮತ್ತೊಮ್ಮೆ ನುಡಿಸಿದ್ದನ್ನೂ ಪೂರ್ತಿ ಕೇಳಿದರು. ಫೋನನ್ನು ನನಗೆ ಹಿಂದಿರುಗಿಸಿದರು.

"ಒಂದೇ ಮೆಟ್ಟು" ಎಂದರು. ಆಮೇಲೆ ಬೀದಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು: "ನಾನು ಅವ್ನ ಬೆರಳು ನೋಡ್ತೀನಿ ಅಂತ ಅವ್ನಿಗೆ ಯಾರಮ್ಮ ಹೇಳಿದ್ದು?"

ಅವರು ನನ್ನ ತುಟಿಯನ್ನು ನೋಡುತ್ತಿರಲಿಲ್ಲ. ಈಗ ಅದರ ಅಗತ್ಯವಿರಲಿಲ್ಲ.

"ಗೊತ್ತಿಲ್ಲ ಮೇಷ್ಟ್ರೇ" ಎಂದೆ.

ಅವರು ಬೀದಿಯನ್ನೇ ನೋಡುತ್ತಾ ತಲೆಯಾಡಿಸಿದರು.

"ಇಷ್ಟು ಸಣ್ಣ ದನೀನಾ ನಿಂದು?" ಎಂದರು. "ನಾನು ದೊಡ್ಡದು ಅಂದ್ಕೊಂಡಿದ್ದೆ."